ಕಡಿಮೆಯಾದದ್ದು ಕಾಯಿಲೆಯೋ, ಎಣಿಕೆಯೋ? ಕೊರೊನಾ ಕಾಲದ ಮಕ್ಕಳ ನ್ಯುಮೋನಿಯಾ ಮತ್ತು ನಮ್ಮ ಮೂರು ಜಿಲ್ಲೆಗಳು

2020ರ ಮಳೆಗಾಲದ ಮಾತು ಬಂದರೆ ಸಿಂಧನೂರಿನಲ್ಲಾಗಲಿ ಗಂಗಾವತಿಯಲ್ಲಾಗಲಿ ಮಕ್ಕಳ ವೈದ್ಯರು ನೆನಪಿಸಿಕೊಳ್ಳುವುದು ಖಾಲಿ ವಾರ್ಡುಗಳನ್ನು. ಕೆಮ್ಮು, ಕಫ, ಉಬ್ಬಸ ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಬರುವ ತಾಯಂದಿರ ಸಾಲು ಆ ವರ್ಷ ಕರಗಿತ್ತು. ಮನೆಯಲ್ಲೇ ಇದ್ದುದರಿಂದ ಮಕ್ಕಳು ಆರೋಗ್ಯವಾಗಿದ್ದರು ಎಂದು ಹೆತ್ತವರು ಈಗಲೂ ಹೇಳುತ್ತಾರೆ. ಎರಡು ವರ್ಷ ಕಳೆದು ಅದೇ ಮಕ್ಕಳು ತಿಂಗಳಿಗೊಮ್ಮೆ ಜ್ವರ ಬಂದು ಮಲಗತೊಡಗಿದಾಗ ಮಾತು ತಿರುಗಿತು. ಮುಚ್ಚಿಟ್ಟು ಬೆಳೆಸಿದ್ದರಿಂದ ಮಕ್ಕಳ ರೋಗನಿರೋಧಕ ಶಕ್ತಿಯೇ ಹಾಳಾಯಿತು ಎಂಬ ದೂರು ಹುಟ್ಟಿಕೊಂಡಿತು. ಎರಡೂ ಮಾತುಗಳನ್ನು ಒಂದೇ ಕಟ್ಟೆಯ ಮೇಲೆ, ಕೆಲವೊಮ್ಮೆ ಒಬ್ಬರ ಬಾಯಲ್ಲೇ ಕೇಳಬಹುದು. ಲಾಕ್‌ಡೌನ್, ಮಾಸ್ಕ್, ಶಾಲೆ ಬಂದ್ ಇವುಗಳಿಂದ ಮಕ್ಕಳ ತೀವ್ರ ಬ್ಯಾಕ್ಟೀರಿಯಾ ಸೋಂಕುಗಳ ಮೇಲೆ ನಿಜಕ್ಕೂ ಏನಾಯಿತು ಎಂಬುದಕ್ಕೆ ಜಗತ್ತಿನ ಬೇರೆ ಕಡೆಗಳಲ್ಲಿ ಸಾಕಷ್ಟು ಒಳ್ಳೆಯ ಉತ್ತರಗಳಿವೆ. ಅವನ್ನು ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಹಾಗೆಯೇ ತಂದು ಅಂಟಿಸಲು ಹೊರಟಾಗ ತೊಡಕು ಶುರುವಾಗುತ್ತದೆ.

ತೀವ್ರ ಸೋಂಕು ಎಂದರೆ ನೆಗಡಿ, ಗಂಟಲು ನೋವು ಅಲ್ಲ. ಬ್ಯಾಕ್ಟೀರಿಯಾ ಇರಬಾರದ ಜಾಗಕ್ಕೆ ನುಗ್ಗುವುದು: ರಕ್ತಕ್ಕೆ, ಶ್ವಾಸಕೋಶದ ಆಳಕ್ಕೆ, ಮಿದುಳಿನ ಪೊರೆಗೆ. ಮಕ್ಕಳಲ್ಲಿ ಈ ಕೆಲಸ ಹೆಚ್ಚು ಮಾಡುವುದು ನ್ಯುಮೊಕಾಕಸ್. ಅದರ ಜೊತೆಗೆ ಹಿಬ್ ಎಂದು ಕರೆಯುವ ಹಿಮೊಫಿಲಸ್ ಇನ್‌ಫ್ಲುಯೆಂಜಾ ಟೈಪ್ ಬಿ, ಮೆನಿಂಜೊಕಾಕಸ್, ಗ್ರೂಪ್ ಎ ಸ್ಟ್ರೆಪ್ಟೊಕಾಕಸ್. ಇವೆಲ್ಲ ಉಸಿರು, ಜೊಲ್ಲು, ಸೀನಿನ ಮೂಲಕ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಬಹಳ ಮಕ್ಕಳ ಮೂಗಿನಲ್ಲಿ, ಗಂಟಲಲ್ಲಿ ಏನೂ ತೊಂದರೆ ಕೊಡದೆ ಬಿಡಾರ ಹೂಡಿರುತ್ತವೆ. ಲಕ್ಷಾಂತರ ಮಕ್ಕಳ ಮೂಗಿನಲ್ಲಿ ಸುಮ್ಮನಿದ್ದ ಜೀವಿ ಕೆಲವರಲ್ಲಿ ಮಾತ್ರ ರಕ್ತಕ್ಕಿಳಿಯುವುದು ಏಕೆ ಎಂಬ ಹಳೆಯ ಪ್ರಶ್ನೆಗೆ ಕೊರೊನಾ ಕಾಲ ಅರ್ಧ ಉತ್ತರ ಕೊಟ್ಟಿತು.

26 ದೇಶ ಮತ್ತು ಪ್ರದೇಶಗಳ ಪ್ರಯೋಗಾಲಯಗಳು ಸೇರಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಮುಖ್ಯ. ಅದರಲ್ಲಿ ಭಾರತ ಇರಲಿಲ್ಲ. ಜನರ ಓಡಾಟ ಗಮನಾರ್ಹವಾಗಿ ಬದಲಾದ ವಾರದಿಂದ ಲೆಕ್ಕ ಹಾಕಿದರೆ ನಾಲ್ಕೇ ವಾರಗಳಲ್ಲಿ ನ್ಯುಮೊಕಾಕಸ್‌ನ ತೀವ್ರ ಸೋಂಕು ಶೇ 68ರಷ್ಟು, ಎಂಟು ವಾರಗಳಲ್ಲಿ ಶೇ 82ರಷ್ಟು ಇಳಿದಿತ್ತು. ಎಲ್ಲ ವಯಸ್ಸಿನವರೂ ಸೇರಿದ ಲೆಕ್ಕವಿದು. ಹಿಮೊಫಿಲಸ್, ಮೆನಿಂಜೊಕಾಕಸ್ ಸೋಂಕುಗಳೂ ಇಳಿದಿದ್ದವು. ಇಷ್ಟಕ್ಕೇ ನಿಂತಿದ್ದರೆ ಯಾರಾದರೂ ಕೇಳಬಹುದಿತ್ತು: ಕೊರೊನಾ ಭಯಕ್ಕೆ ಜನ ಆಸ್ಪತ್ರೆಗೇ ಹೋಗಲಿಲ್ಲವಲ್ಲ, ಪ್ರಯೋಗಾಲಯದವರು ಬೇರೆ ಕೆಲಸ ಬಿಟ್ಟು ಕೊರೊನಾ ಪರೀಕ್ಷೆಗೆ ಕುಳಿತರಲ್ಲ, ಸಂಖ್ಯೆ ಇಳಿಯದೆ ಇನ್ನೇನಾದೀತು? ಸಂಶೋಧಕರು ಈ ಪ್ರಶ್ನೆಯನ್ನು ಮೊದಲೇ ಊಹಿಸಿದ್ದರು. ಉಸಿರಿನ ಮೂಲಕ ಹರಡದ ಇನ್ನೊಂದು ಬ್ಯಾಕ್ಟೀರಿಯಾವನ್ನೂ, ಅಂದರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನೂ ಅವರು ಎಣಿಸಿದರು. ಅದು ಮುಖ್ಯವಾಗಿ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ದಾಟುವಂಥದ್ದು. ಮಾಸ್ಕಿಗೂ ಅದಕ್ಕೂ ಸಂಬಂಧವಿಲ್ಲ. ಆಸ್ಪತ್ರೆಗೆ ಬರುವವರು ಕಡಿಮೆಯಾದದ್ದೇ ಕಾರಣವಾಗಿದ್ದರೆ ಅದೂ ಇಳಿಯಬೇಕಿತ್ತು. ಇಳಿಯಲಿಲ್ಲ. ಹಾಗಾಗಿ ಉಳಿದ ಮೂರರ ಇಳಿಕೆ ಕಾಯಿಲೆಯದೇ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ಈ ಅಧ್ಯಯನದಲ್ಲಿ ನನಗೆ ಶೇಕಡಾವಾರು ಅಂಕಿಗಳಿಗಿಂತ ಈ ಹೋಲಿಕೆಯ ಉಪಾಯವೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಎರಡನೆಯ ಸುಳಿವು ಇಸ್ರೇಲ್‌ನಿಂದ ಬಂತು. ಅಲ್ಲಿನವರು ಮಕ್ಕಳಲ್ಲಿ ತೀವ್ರ ಸೋಂಕು ಇಳಿದದ್ದನ್ನು ಎಣಿಸಿದ್ದರ ಜೊತೆಗೆ ಪುಟ್ಟ ಮಕ್ಕಳ ಮೂಗಿನಿಂದ ಮಾದರಿ ತೆಗೆದೂ ನೋಡುತ್ತಿದ್ದರು. ಮೂಗಿನಲ್ಲಿ ನ್ಯುಮೊಕಾಕಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಮಾಯವಾದದ್ದು ವೈರಸ್‌ಗಳು: ಎಳೆಗೂಸುಗಳಿಗೆ ಉಬ್ಬಸ ತರುವ ಆರ್‌ಎಸ್‌ವಿ, ಇನ್‌ಫ್ಲುಯೆಂಜಾ, ಮೆಟಾನ್ಯುಮೊವೈರಸ್. ವೈರಸ್ ಮೊದಲು ಬಂದು ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ, ಆಮೇಲೆ ಮೂಗಿನಲ್ಲೇ ಇದ್ದ ಬ್ಯಾಕ್ಟೀರಿಯಾಕ್ಕೆ ಒಳದಾರಿ ತೆರೆಯುತ್ತದೆ. ಈ ಜೋಡಿ ಕೆಲಸ ವೈದ್ಯರಿಗೆ ಹಿಂದಿನಿಂದಲೂ ಗೊತ್ತಿತ್ತು. ಆದರೆ ಒಂದನ್ನು ಇದ್ದಂತೆಯೇ ಬಿಟ್ಟು ಇನ್ನೊಂದನ್ನು ಇಡೀ ದೇಶದಿಂದ ತಿಂಗಳುಗಟ್ಟಲೆ ಹೊರಗಿಡುವ ಪ್ರಯೋಗವನ್ನು ಯಾರೂ ಮಾಡಿರಲಿಲ್ಲ, ಮಾಡುವ ಹಾಗೂ ಇರಲಿಲ್ಲ. ಲಾಕ್‌ಡೌನ್ ಅದನ್ನು ತಾನಾಗಿ ಮಾಡಿ ತೋರಿಸಿತು.

ಇದನ್ನು ಒಪ್ಪಿದರೆ ನಮ್ಮ ಊರುಗಳ ಮಟ್ಟಿಗೆ ಒಂದು ಊಹೆ ಸಾಧ್ಯ. ಇಲ್ಲಿ ಲಾಕ್‌ಡೌನ್ ಎಂದರೆ ಮಕ್ಕಳು ಮನೆಯೊಳಗೆ ಕುಳಿತದ್ದು ಎಂದು ಯಾರೂ ಭಾವಿಸಬೇಕಿಲ್ಲ. ದೇವದುರ್ಗದ ಅಥವಾ ಕುಷ್ಟಗಿಯ ಹಳ್ಳಿಯಲ್ಲಿ ಅಂಗನವಾಡಿಗೆ ಬೀಗ ಬಿದ್ದಾಗ ಮಕ್ಕಳು ಹನುಮಪ್ಪನ ಗುಡಿಯ ಕಟ್ಟೆಗೆ ಬಂದರು, ಅಷ್ಟೇ ವ್ಯತ್ಯಾಸ. ಒಂದೂವರೆ ಕೋಣೆಯ ಮನೆಯಲ್ಲಿ ಎಂಟು ಜನ ಮಲಗುವಾಗ ಅಂತರ ಕಾಪಾಡುವುದು ಗೋಡೆಬರಹಕ್ಕಷ್ಟೇ ಸೀಮಿತ. ಅಕ್ಕನ ಮೂಗಿನಿಂದ ತಮ್ಮನ ಮೂಗಿಗೆ ನ್ಯುಮೊಕಾಕಸ್ ಎಂದಿನಂತೆ ದಾಟಿರಬೇಕು. ಆದರೆ ಹೊರಗಿನಿಂದ ಹೊಸ ವೈರಸ್ ತರುವ ದಾರಿಗಳು ನಿಜಕ್ಕೂ ಮುಚ್ಚಿದ್ದವು. ಬಸ್ಸಿಲ್ಲ, ಸಂತೆಯಿಲ್ಲ, ಮದುವೆಗೆ ಬೆರಳೆಣಿಕೆಯ ಜನ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಕೂಡ ಆ ವರ್ಷಗಳಲ್ಲಿ ಎಂದಿನ ಜನಸಾಗರವಿಲ್ಲದೆ ಸರಳವಾಗಿ ನಡೆಯಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರು ಒಳಗೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು, ಅಂಗನವಾಡಿಗಳು ತೆರೆದದ್ದು ನವೆಂಬರ್ 8ರಂದು. ಇದಕ್ಕೆ ಎದುರಾಗಿ ಗುಳೆಯ ಲೆಕ್ಕವನ್ನೂ ಇಡಬೇಕು. ಬೆಂಗಳೂರು, ಪುಣೆ, ಹೈದರಾಬಾದ್‌ಗಳಿಂದ ಕುಟುಂಬಗಳು ಒಂದೇ ಉಸಿರಿಗೆ ಊರಿಗೆ ಮರಳಿದ್ದೂ ಆಗಲೇ. ಯುರೋಪಿನ ಅಪಾರ್ಟ್‌ಮೆಂಟಿನಲ್ಲಿ ವೈರಸ್ ಹರಡುವುದು ನಿಂತಂತೆ ಇಲ್ಲಿ ನಿಂತಿರಲಾರದು. ಎಷ್ಟು ನಿಂತಿತು?

ಹೇಳಲು ಆಧಾರವಿಲ್ಲ. ನಮ್ಮಲ್ಲಿ ಆ ಎಣಿಕೆ ಇಲ್ಲ.

ಎಣಿಕೆ ಇಲ್ಲದ ಕಡೆ ಖಾಲಿ ವಾರ್ಡನ್ನು ಆರೋಗ್ಯ ಎಂದು ಓದಿಕೊಳ್ಳುವ ಅಪಾಯಕ್ಕೆ ಕ್ಷಯ ಒಳ್ಳೆಯ ಉದಾಹರಣೆ. ಕ್ಷಯವೂ ಬ್ಯಾಕ್ಟೀರಿಯಾ ಸೋಂಕೇ, ಎಳೆಯ ಮಕ್ಕಳಲ್ಲಿ ಅದು ಮಿದುಳಿನ ಪೊರೆಗೆ ಇಳಿದರೆ ಘೋರ. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯ ಪ್ರಕರಣಗಳು ದಾಖಲಾಗಿದ್ದವು. 2020ರಲ್ಲಿ ದಾಖಲಾದದ್ದು ಸುಮಾರು 18 ಲಕ್ಷ. ತಿಂಗಳುಗಟ್ಟಲೆ ಒಳಗೇ ಬೆಳೆಯುವ ಕಾಯಿಲೆ ಒಂದೇ ವರ್ಷದಲ್ಲಿ ಕಾಲುಭಾಗ ಇಳಿಯುವುದಿಲ್ಲ. ಇಳಿದದ್ದು ಪತ್ತೆ. 2022ರ ಹೊತ್ತಿಗೆ ಸಂಖ್ಯೆ ಮತ್ತೆ 24 ಲಕ್ಷ ದಾಟಿತು. ಮಕ್ಕಳ ನ್ಯುಮೋನಿಯಾದ ವಿಷಯದಲ್ಲಿ ನಮಗೆ ಇಂಥ ಅಳತೆಯೂ ಇಲ್ಲ.

ಪತ್ತೆ ಇಳಿಯಲು ಇಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಬಳ್ಳಾರಿಯ ವಿಮ್ಸ್, ರಾಯಚೂರಿನ ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮೂರೂ ಕೊರೊನಾ ಚಿಕಿತ್ಸೆಯ ಭಾರ ಹೊತ್ತಿದ್ದವು. 2021ರ ಮೇ ತಿಂಗಳಲ್ಲಿ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕು ಕಾರ್ಖಾನೆಯ ಪಕ್ಕ, ಅಲ್ಲಿಂದಲೇ ಆಮ್ಲಜನಕ ಹಾಯುವಂತೆ, ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಒಂದು ಜಿಲ್ಲೆಯ ವೈದ್ಯರು, ದಾದಿಯರು, ತಂತ್ರಜ್ಞರು ಎಲ್ಲಿದ್ದರು ಎಂಬುದಕ್ಕೆ ಅದೊಂದೇ ಸಾಕು. ಮಸ್ಕಿಯ ಹಳ್ಳಿಯಿಂದ ಉಸಿರು ಸಿಕ್ಕಿಕೊಂಡ ಮಗುವನ್ನು ರಾಯಚೂರಿಗೆ ತರಲು ಬಸ್ಸಿರಲಿಲ್ಲ, ಬಾಡಿಗೆ ವಾಹನದವನಿಗೆ ಪೊಲೀಸರ ಭಯ, ತಾಯಿಗೆ ತನ್ನನ್ನೂ ಕೂಸನ್ನೂ ಕ್ವಾರಂಟೈನ್‌ಗೆ ಹಾಕಿಬಿಟ್ಟಾರೆಂಬ ದಿಗಿಲು. ಹತ್ತಿರದ ಆರ್‌ಎಂಪಿಯ, ಅಂದರೆ ವೈದ್ಯ ಪದವಿಯಿಲ್ಲದೆ ಹಳ್ಳಿಯಲ್ಲಿ ಚಿಕಿತ್ಸೆ ಕೊಡುವವನ ಬಳಿ ಒಂದು ಇಂಜೆಕ್ಷನ್ ಹಾಕಿಸಿ ಕಾದು ನೋಡಿದವರು ಎಷ್ಟೋ. ಮಗುವಿನ ಹೊಟ್ಟೆಗೆ ಬರೆ ಹಾಕುವ ಕ್ರೂರ ಪದ್ಧತಿ ಕೂಡ ಈ ಭಾಗದಿಂದ ಪೂರ್ತಿ ಹೋಗಿಲ್ಲ. ಆಸ್ಪತ್ರೆ ದೂರವಾದಷ್ಟೂ ಅದು ಹತ್ತಿರವಾಗುತ್ತದೆ.

ಔಷಧ ಮಾರಾಟದ ಅಂಕಿಗಳಲ್ಲಿ ಒಂದು ಕುತೂಹಲದ ಸುಳಿವಿದೆ. ಭಾರತದಲ್ಲಿ 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂದಿಗಿಂತ ಸುಮಾರು 21 ಕೋಟಿ 60 ಲಕ್ಷ ಡೋಸ್ ಆ್ಯಂಟಿಬಯೋಟಿಕ್ ಹೆಚ್ಚಾಗಿ ಮಾರಾಟವಾಯಿತು ಎಂದು ಸಂಶೋಧಕರ ಅಂದಾಜು. ಅದರಲ್ಲಿ ಅಜಿತ್ರೊಮೈಸಿನ್ ಒಂದೇ 3 ಕೋಟಿ 80 ಲಕ್ಷ. ಕೊರೊನಾ ವೈರಸ್‌ಗೆ ಇದರಿಂದ ಏನೂ ಆಗುವುದಿಲ್ಲ ಎಂಬುದು ಬೇರೆ ಮಾತು. ಆದರೆ ಇಡೀ ವರ್ಷದ ಮಾರಾಟದಲ್ಲಿ ದೊಡ್ಡವರ ಗುಳಿಗೆಗಳ ಪಾಲು ಶೇ 72.5ರಿಂದ 76.8ಕ್ಕೆ ಏರಿತ್ತು. ಅಂದರೆ ಮಕ್ಕಳ ಸಿರಪ್ಪುಗಳ ಪಾಲು ಇಳಿದಿತ್ತು. ಮಕ್ಕಳಿಗೆ ಕಾಯಿಲೆ ಬರಲಿಲ್ಲವೆಂದೇ, ಬಂದವರಿಗೆ ಔಷಧ ಸಿಗಲಿಲ್ಲವೆಂದೇ, ಅಥವಾ ನೆಗಡಿಗೂ ಆ್ಯಂಟಿಬಯೋಟಿಕ್ ಬರೆಯುವ ನಮ್ಮ ಚಾಳಿಗೆ ಆ ವರ್ಷ ಅವಕಾಶವಾಗಲಿಲ್ಲವೆಂದೇ? ಮೂರಕ್ಕೂ ಈ ಅಂಕಿ ಒಗ್ಗುತ್ತದೆ.

ಹಾಗಾದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೇರವಾಗಿ ನೋಡಬಾರದೇ? ನೋಡಬೇಕು, ಅದಕ್ಕೇ ಬ್ಲಡ್ ಕಲ್ಚರ್ ಇರುವುದು. ಮಗುವಿನಿಂದ ಒಂದೆರಡು ಮಿಲಿಲೀಟರ್ ರಕ್ತವನ್ನು ಪೋಷಕ ದ್ರವವಿರುವ ಬಾಟಲಿಗೆ ಹಾಕಿ 37 ಡಿಗ್ರಿಯಲ್ಲಿ ಐದು ದಿನದವರೆಗೆ ಇಟ್ಟು ಏನು ಬೆಳೆಯುತ್ತದೆ ಎಂದು ನೋಡುವುದು. ಕೇಳಲು ಸರಳ, ನಡೆಸಲು ಕಠಿಣ. ಆ್ಯಂಟಿಬಯೋಟಿಕ್ ಕೊಡುವ ಮೊದಲೇ ರಕ್ತ ತೆಗೆಯಬೇಕು. ತಾಲ್ಲೂಕು ಆಸ್ಪತ್ರೆ ತಲುಪುವ ಹೊತ್ತಿಗೆ ಬಹಳ ಮಕ್ಕಳಿಗೆ ಊರಲ್ಲೇ ಒಂದೆರಡು ಇಂಜೆಕ್ಷನ್ ಆಗಿರುತ್ತದೆ, ಏನು ಕೊಟ್ಟರೆಂಬ ಚೀಟಿ ಕೂಡ ಇರುವುದಿಲ್ಲ. ನ್ಯುಮೊಕಾಕಸ್ ಅಂತೂ ಬಹಳ ಸೂಕ್ಷ್ಮ, ಬೆಳೆದ ಮೇಲೆ ತನ್ನನ್ನು ತಾನೇ ಕರಗಿಸಿಕೊಂಡು ಸಾಯುವ ಸ್ವಭಾವ ಅದಕ್ಕಿದೆ. ಸರಿಯಾದ ಸಮಯಕ್ಕೆ ಸರಿಯಾದ ರಕ್ತಮಿಶ್ರಿತ ಮಾಧ್ಯಮಕ್ಕೆ ಹಾಕದಿದ್ದರೆ ಇದ್ದದ್ದೂ ಇಲ್ಲವೆಂದೇ ವರದಿ ಬರುತ್ತದೆ. ಹೊರಗೆ 42 ಡಿಗ್ರಿ ಬಿಸಿಲಿರುವ ರಾಯಚೂರಿನ ಮೇ ತಿಂಗಳಲ್ಲಿ ಲಿಂಗಸುಗೂರಿನಿಂದ ಬಾಟಲಿ ಸಾಗಿಸುವ ಕಷ್ಟವನ್ನು ಊಹಿಸಿಕೊಳ್ಳಬಹುದು. ಇನ್ನು ಮಿದುಳು ಪೊರೆಯ ಸೋಂಕಿಗೆ ಬೆನ್ನಿನಿಂದ ನೀರು ತೆಗೆಯಬೇಕೆಂದರೆ ಮನೆಯವರು ಒಪ್ಪುವುದು ವಿರಳ. ಸೊಂಟ ಬಿದ್ದುಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ, ಅದನ್ನು ಬಿಡಿಸಿ ಹೇಳುವ ವ್ಯವಧಾನ ಕಿಕ್ಕಿರಿದ ವಾರ್ಡಿನ ಕಿರಿಯ ವೈದ್ಯರಿಗೆ ಇರುವುದಿಲ್ಲ. ಕೊನೆಗೆ ಕೇಸ್ ಶೀಟಿನಲ್ಲಿ ‘ನ್ಯುಮೋನಿಯಾ’ ಎಂದೋ ‘ಮಿದುಳು ಜ್ವರ’ ಎಂದೋ ಉಳಿಯುತ್ತದೆ. ಅದನ್ನು ತಂದದ್ದು ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬುದು ದಾಖಲೆಯಾಗುವುದಿಲ್ಲ. ಇದು ಕೊರೊನಾಗಿಂತ ಹಿಂದಿನ ಕಥೆ, ಮುಂದಿನದೂ ಹೌದು.

ಲಾಕ್‌ಡೌನ್‌ನ ಇನ್ನೊಂದು ಮುಖ ಲಸಿಕೆ. ಮಾಸ್ಕಿನ ಬಗ್ಗೆ ವಾದಿಸುವವರು ಇದನ್ನು ಮರೆಯುತ್ತಾರೆ. ಹಿಬ್, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಇವೆಲ್ಲವೂ ಬ್ಯಾಕ್ಟೀರಿಯಾ ಕಾಯಿಲೆಗಳು, ಎಲ್ಲಕ್ಕೂ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ತಡೆಯಿದೆ. ಗುರುವಾರದ ಲಸಿಕೆ ದಿನಗಳು 2020ರ ಏಪ್ರಿಲ್ ಸುತ್ತಮುತ್ತ ಅಸ್ತವ್ಯಸ್ತವಾದವು. ಲಸಿಕೆ ಹಾಕಬೇಕಾದ ಆರೋಗ್ಯ ಸಹಾಯಕಿಯರು ಮತ್ತು ತಾಯಂದಿರನ್ನು ಕರೆತರಬೇಕಾದ ಆಶಾ ಕಾರ್ಯಕರ್ತೆಯರು ಊರಿಗೆ ಯಾರು ಬಂದರು, ಯಾರಿಗೆ ಜ್ವರವಿದೆ ಎಂದು ಮನೆ ಮನೆ ತಿರುಗುತ್ತಿದ್ದರು. ಆ ಜುಲೈನಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಮುಷ್ಕರ ಹೂಡಿದಾಗ ಅವರ ಮೇಲೆ ಏನೆಲ್ಲ ಹೇರಲಾಗಿದೆ ಎಂಬುದು ಹೊರಬಂತು. ದೇಶದಲ್ಲಿ ಡಿಪಿಟಿಯ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಮೂರನೆಯ ಡೋಸ್ ಪಡೆದ ಮಕ್ಕಳ ಪ್ರಮಾಣ 2019ರ ಶೇ 91ರಿಂದ 2020ರಲ್ಲಿ ಶೇ 85ಕ್ಕೆ ಇಳಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿಸಿದವು. ಜಿಲ್ಲಾವಾರು ಲೆಕ್ಕಕ್ಕೆ ಎಲ್ಲರೂ ಎತ್ತಿ ತೋರಿಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಇಲ್ಲಿ ಉಪಯೋಗಕ್ಕೆ ಬಾರದು. ಮುಖಪುಟದಲ್ಲಿ 2019–21 ಎಂದಿದ್ದರೂ ಕರ್ನಾಟಕದಲ್ಲಿ ಅದರ ಕೆಲಸ ಕೊರೊನಾ ಬರುವ ಮೊದಲೇ ಮುಗಿದಿತ್ತು. ಅದರ ಅಂಕಿಗಳನ್ನು ಲಾಕ್‌ಡೌನ್‌ನ ಪರಿಣಾಮವೆಂದು ಬಳಸುವ ಭಾಷಣಗಳನ್ನು ಕೇಳಿ ಸುಮ್ಮನಿರುವುದು ಕಷ್ಟ.

ನ್ಯುಮೊಕಾಕಸ್ ಲಸಿಕೆಯಾದ ಪಿಸಿವಿಯದು ಇನ್ನೂ ವಿಚಿತ್ರ ಕಾಲಗಣನೆ. ಸರ್ಕಾರಿ ಲಸಿಕೆ ಕಾರ್ಯಕ್ರಮಕ್ಕೆ ಅದು 2017ರಲ್ಲೇ ಬಂದರೂ ಮೊದಲು ಸಿಕ್ಕಿದ್ದು ಹಿಮಾಚಲ ಪ್ರದೇಶಕ್ಕೆ, ಬಿಹಾರ ಮತ್ತು ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಿಗೆ. ದೇಶಾದ್ಯಂತ ವಿಸ್ತರಣೆಯಾದದ್ದು 2021ರ ಅಕ್ಟೋಬರ್‌ನಲ್ಲಿ, ಸರಿಯಾಗಿ ನಮ್ಮ ಪ್ರಾಥಮಿಕ ಶಾಲೆಗಳು ತೆರೆದ ತಿಂಗಳಲ್ಲಿ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಹೀಗೆ ಮೂರು ಡೋಸ್. ಮಗುವಿನ ಮೊದಲ ಹುಟ್ಟುಹಬ್ಬದೊಳಗೆ ಶುರುವಾಗಿರಬೇಕು. ಹಾಗಾಗಿ 2019ರಲ್ಲಿ, 2020ರಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಖಾಸಗಿಯಾಗಿ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದವರನ್ನು ಬಿಟ್ಟರೆ ಉಳಿದವರಲ್ಲಿ ಬಹುಪಾಲು ಮಕ್ಕಳಿಗೆ ಇದು ಸಿಗಲೇ ಇಲ್ಲ. ಇದಕ್ಕೆ ಲಾಕ್‌ಡೌನ್ ಅನ್ನು ದೂರುವಂತಿಲ್ಲ. ಆದರೆ 2022ರ ನಂತರದ ವಾರ್ಡಿನ ಅಂಕಿಗಳನ್ನು ಓದುವಾಗ ಇದನ್ನು ಲೆಕ್ಕಕ್ಕೆ ಹಿಡಿಯದೆ ವಿಧಿಯಿಲ್ಲ. ಓಡಾಟ ಮರಳಿದ್ದು, ವೈರಸ್ ಮರಳಿದ್ದು, ಹೊಸ ಲಸಿಕೆ ಬಂದದ್ದು ಎಲ್ಲವೂ ಕೆಲವೇ ತಿಂಗಳುಗಳಲ್ಲಿ ಒಂದರ ಮೇಲೊಂದು ಬಿದ್ದಿವೆ.

ನಿರ್ಬಂಧ ಸಡಿಲಿದ ಮೇಲೆ ಹೊರದೇಶಗಳಲ್ಲಿ ಏನಾಯಿತು ಎಂಬುದು ಸ್ಪಷ್ಟವಾಗಿದೆ. ಇಂಗ್ಲೆಂಡ್‌ನಲ್ಲಿ 2021ರ ಬೇಸಿಗೆಯಲ್ಲೇ, ಋತುವಲ್ಲದ ಋತುವಿನಲ್ಲಿ, ಮಕ್ಕಳ ನ್ಯುಮೊಕಾಕಸ್ ಸೋಂಕು ಹಿಂದಿನ ಮಟ್ಟವನ್ನು ಮೀರಿತು. 2022ರ ಡಿಸೆಂಬರ್‌ನಲ್ಲಿ ಫ್ರಾನ್ಸ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಸ್ವೀಡನ್, ಬ್ರಿಟನ್‌ಗಳಲ್ಲಿ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್‌ನ ತೀವ್ರ ಸೋಂಕು ಹೆಚ್ಚಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಸಾವುಗಳೂ ಆದವು. ನಮ್ಮ ಪಕ್ಕದಲ್ಲೇ ಮುಂಬೈಯಲ್ಲಿ ಅದೇ ಚಳಿಗಾಲದಲ್ಲಿ ದಡಾರ ಹಬ್ಬಿತು. ದಡಾರ ವೈರಸ್ಸೇ ಆದರೂ ಅದು ಬಂದು ಹೋದ ಮಗುವನ್ನು ಕೊಲ್ಲುವುದು ಬಹುಪಾಲು ಅದರ ಹಿಂದೆ ಬರುವ ನ್ಯುಮೋನಿಯಾ. ಹಳೆಯ ಸೋಂಕುಗಳ ವಿರುದ್ಧ ದೇಹ ಗಳಿಸಿದ್ದ ನೆನಪನ್ನೂ ಅದು ಅಳಿಸಿಹಾಕುತ್ತದೆ.

ಇದೆಲ್ಲವನ್ನು ‘ರೋಗನಿರೋಧಕ ಶಕ್ತಿ ಹಾಳಾಯಿತು’ ಎಂದು ವಿವರಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಮಗುವಿನ ದೇಹ ಎರಡು ವರ್ಷ ನೆಗಡಿ ಬಾರದ್ದರಿಂದ ದುರ್ಬಲವಾಗುವುದಿಲ್ಲ. ಆದದ್ದು ಬೇರೆ. ಸಾಮಾನ್ಯವಾಗಿ ಪ್ರತಿ ವರ್ಷ ಒಂದು ವರ್ಷದ ಅವಧಿಯಲ್ಲಿ ಹುಟ್ಟಿದ ಮಕ್ಕಳಷ್ಟೇ ಆರ್‌ಎಸ್‌ವಿಯನ್ನು, ಫ್ಲೂವನ್ನು ಮೊದಲ ಸಲ ಎದುರಿಸುತ್ತಾರೆ. ಈ ಬಾರಿ ಎರಡು ಮೂರು ವರ್ಷಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ಒಟ್ಟಿಗೆ ಎದುರಿಸಿದರು. ವೈರಸ್ ಅಲೆ ದೊಡ್ಡದಾದಾಗ ಅದರ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ಸೋಂಕೂ ದೊಡ್ಡದಾಯಿತು. ನಮ್ಮ ಜಿಲ್ಲೆಗಳಲ್ಲಿ ಮಕ್ಕಳು ಗುಡಿಕಟ್ಟೆಯ ಮೇಲೆ ಕಲೆತೇ ಇದ್ದರೆಂದಾದರೆ, ಇಲ್ಲಿನ ಅಲೆ ಅಷ್ಟು ದೊಡ್ಡದಾಗಿರಲಿಕ್ಕಿಲ್ಲ ಎಂದೇ ಈ ತರ್ಕ ಹೇಳುತ್ತದೆ. ತಿಂಗಳಿಗೊಮ್ಮೆ ಜ್ವರವೆಂಬ ದೂರಿಗೆ ಹೆತ್ತವರ ಹೊಸ ಎಚ್ಚರವೂ ಒಂದು ಕಾರಣವಿರಬಹುದು. ಕೊರೊನಾಗೆ ಮುಂಚೆ ಥರ್ಮಾಮೀಟರ್ ಎಷ್ಟು ಮನೆಗಳಲ್ಲಿತ್ತು?

ಇಲ್ಲಿನ ಮಕ್ಕಳ ಶ್ವಾಸಕೋಶಕ್ಕೆ ಮಾಸ್ಕಿಗಿಂತ ದೊಡ್ಡ ವಿಷಯಗಳು ಬೇರೆಯೇ ಇವೆ. ಒಲೆಯ ಹೊಗೆ, ಸಂಡೂರಿನ ಅದಿರು ಧೂಳು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಮಸಿ. ಇವುಗಳ ಮೇಲೆ ಅಪೌಷ್ಟಿಕತೆ. ರಾಯಚೂರಿನ ಮಕ್ಕಳ ಅಪೌಷ್ಟಿಕತೆ ಹತ್ತು ವರ್ಷಕ್ಕೂ ಹಿಂದೆ ಹೈಕೋರ್ಟಿನವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ರಚನೆಯಾಗಿತ್ತು. ತೂಕ ಕಡಿಮೆಯಿರುವ ಮಗುವಿಗೆ ನ್ಯುಮೋನಿಯಾ ಬಂದರೆ ಬದುಕುವ ಸಾಧ್ಯತೆ ಬಹಳ ಕುಗ್ಗುತ್ತದೆ. ಅಂಗನವಾಡಿ ಮುಚ್ಚಿದಾಗ ಆಹಾರಧಾನ್ಯ ಮನೆಗೆ ಬಂತು ನಿಜ, ಆದರೆ ಮನೆಗೆ ಬಂದದ್ದನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತಾರೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಎದ್ದ ಗದ್ದಲದ ಕಾಲುಭಾಗವಾದರೂ ಮುಚ್ಚಿದ ಅಂಗನವಾಡಿಗಳ ಬಗ್ಗೆ ಎದ್ದಿದ್ದರೆ ಚೆನ್ನಾಗಿತ್ತು.

ಈಗಲೂ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಕೋಟಿಗಟ್ಟಲೆ ಹಣ ಬೇಡ. ವಿಮ್ಸ್‌ನಲ್ಲಿ, ರಿಮ್ಸ್‌ನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ಪ್ರಬಂಧ ಬರೆಯಲೇಬೇಕು. ಮಕ್ಕಳ ವಿಭಾಗದ 2018ರಿಂದ 2023ರವರೆಗಿನ ದಾಖಲಾತಿ ರಿಜಿಸ್ಟರ್‌ಗಳನ್ನು ಅವರ ಮುಂದಿಡಬೇಕು. ಕಲ್ಚರ್ ವರದಿ ಇಲ್ಲದಿದ್ದರೂ ಪರವಾಗಿಲ್ಲ, 26 ದೇಶ, ಪ್ರದೇಶಗಳ ಅಧ್ಯಯನದ ಹೋಲಿಕೆಯ ಆ ಉಪಾಯವನ್ನು ಇಲ್ಲಿಯೂ ಬಳಸಬಹುದು. ಉಸಿರಿನ ಮೂಲಕ ಹರಡದ, ಆದರೆ ಹೆತ್ತವರು ಆಸ್ಪತ್ರೆಗೆ ಓಡಿ ಬರಲೇಬೇಕಾದ ತೊಂದರೆ ನಮ್ಮ ಭಾಗದಲ್ಲಿ ಬೇಕಾದಷ್ಟಿದೆ: ಚೇಳು ಕಡಿತ. ಕಪ್ಪು ಮಣ್ಣಿನ, ಕಲ್ಲು ಗೋಡೆಗಳ ಈ ಸೀಮೆಯಲ್ಲಿ ಬೇಸಿಗೆ ಬಂದರೆ ಚೇಳು ಕಡಿದ ಮಕ್ಕಳು ವಾರ್ಡಿಗೆ ಬರುತ್ತಲೇ ಇರುತ್ತಾರೆ. ಚೇಳಿಗೆ ಲಾಕ್‌ಡೌನ್ ಇರಲಿಲ್ಲ. 2020ರಲ್ಲಿ ಚೇಳು ಕಡಿತದ ದಾಖಲಾತಿಯೂ ನ್ಯುಮೋನಿಯಾದಷ್ಟೇ ಕುಸಿದಿದ್ದರೆ, ಕುಸಿದದ್ದು ಆಸ್ಪತ್ರೆಯ ದಾರಿ. ಚೇಳಿನದು ಹಾಗೆಯೇ ಇದ್ದು ನ್ಯುಮೋನಿಯಾ ಮಾತ್ರ ಇಳಿದಿದ್ದರೆ ಕಾಯಿಲೆಯೇ ಇಳಿದಿದೆ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಮಕ್ಕಳು ಮನೆಯಲ್ಲೇ ಹೆಚ್ಚು ಇದ್ದುದರಿಂದ ಕಡಿತವೇ ಹೆಚ್ಚೋ ಕಡಿಮೆಯೋ ಆಗಿರಬಹುದೆಂಬ ಆಕ್ಷೇಪ ನ್ಯಾಯವೇ. ಅದಕ್ಕಾಗಿ ಮೂತ್ರದ ಸೋಂಕು, ಅಪೆಂಡಿಕ್ಸ್‌ನ ಲೆಕ್ಕವನ್ನೂ ಪಕ್ಕಕ್ಕಿಟ್ಟುಕೊಳ್ಳಬಹುದು. ಬಳ್ಳಾರಿಯ ಮಟ್ಟಿಗೆ ಇನ್ನೊಂದು ಎಚ್ಚರ ಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳ ಮಕ್ಕಳು ಬಳ್ಳಾರಿ ಜಿಲ್ಲೆಯ ಲೆಕ್ಕದಲ್ಲಿ ಇಲ್ಲ. ಆದ್ದರಿಂದ ಜಿಲ್ಲೆಯ ಒಟ್ಟು ಸಂಖ್ಯೆಗಳನ್ನು ನೇರವಾಗಿ ಹೋಲಿಸಿದರೆ ಲಾಕ್‌ಡೌನ್‌ಗೂ ಮಾಸ್ಕಿಗೂ ಸಂಬಂಧವಿಲ್ಲದೆಯೇ ಕಾಯಿಲೆ ಇಳಿದಂತೆ ಕಾಣುತ್ತದೆ. ತಾಲ್ಲೂಕುವಾರು ವಿಳಾಸ ನೋಡಿಯೇ ಎಣಿಸಬೇಕು, ಮತ್ತು ಹಳೆಯ ರಿಜಿಸ್ಟರ್‌ಗಳು ರದ್ದಿಗೆ ಹೋಗುವ ಮೊದಲೇ ಎಣಿಸಬೇಕು.